ಕ್ಯಾಮೆರಾ ಹಿಡಿದವಳು

ಕೊಯಮತ್ತೂರು,
೨ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಕೊಳ್ಳೇಗಾಲದಲ್ಲಿ ಅಜ್ಜಿಯ ಸೊಂಟ ಹೇಗಿದೆ? ಕೋಲು ಹಿಡಿದು ಬಾಗಿಲ ತನಕ ನಡೆದರು ಎಂದು ಮಾಮ ಹೇಳಿದರು. ಅವರನ್ನು ನೋಡಿಕೊಳ್ಳುವ ಭರದಲ್ಲಿ ನಿನ್ನದನ್ನು ಮರೆಯಬೇಡ. ಊಟವಾದ ಮೇಲೆ ಬಲಪಕ್ಕೆ ಹಿಡಿದುಕೊಂಡು ಕೂರುತ್ತೀಯಂತೆ, ಅದನ್ನೂ ಮಾಮನೇ ಹೇಳಿದ್ದು. ಪಿತ್ತಕೋಶದಲ್ಲಿ ಕಲ್ಲಿದೆಯೆಂದು ಸ್ಕ್ಯಾನಿನಲ್ಲಿ ಗೊತ್ತಾಗಿ ವರ್ಷವಾಗುತ್ತ ಬಂತು. ನೀನು ಮಾತ್ರ 'ನನ್ ಹೊಟ್ಟ ಕುಯ್ಯದಾದ್ರ ನನ್ ಮಗಳೇ ಕುಯ್ಲಿ' ಎಂದು ಬೀದಿಗೆಲ್ಲ ಹೇಳಿಕೊಂಡು ಓಡಾಡಿದೆ. ಅಪ್ಪ ಇಲ್ಲಿ ಸಿರುಮುಗೈಯ ನಮ್ಮ ಮನೆಯಲ್ಲಿ ಚೆನ್ನಾಗಿದ್ದಾರೆ, ಯಾವುದೋ ಮದುವೆಯ ಸೀರೆ ಮಗ್ಗದ ಮೇಲಿದೆ. ಇಲ್ಲಿ ನಡೆದದ್ದನ್ನು ಫೋನಿನಲ್ಲಿ ಹೇಳಿದರೆ ನೀನು ಗಾಬರಿಯಾಗುತ್ತೀಯ. ಅದಕ್ಕೇ ನೀನು ಕಲಿಸಿದ ಕೊಳ್ಳೇಗಾಲದ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ಬೈಯಬೇಡ.

ಜಯಪ್ರಿಯಾ ನಿನಗೆ ಗೊತ್ತಲ್ಲ. ಮಡತ್ತುಕುಳಂನವಳು, ತೆಂಗಿನ ತೋಟದ ಮನೆಯ ಹುಡುಗಿ, ನನ್ನ ಜೊತೆಯಲ್ಲೇ ಸರ್ಜರಿ ಎಂ.ಎಸ್. ಮೂರನೇ ವರ್ಷ. ಅವಳ ಮನೆಯಲ್ಲೂ ಕನ್ನಡವೇ. ಥಿಯೇಟರಿನಲ್ಲಿ ಬೇರೆಯವರಿಗೆ ತಿಳಿಯಬಾರದ ಮಾತನ್ನೆಲ್ಲ ನಾವಿಬ್ಬರೂ ಕನ್ನಡದಲ್ಲಿ ಆಡಿಕೊಳ್ಳುತ್ತೇವೆ. ಒಂದೇ ತಟ್ಟೆಯಲ್ಲಿ ತಿಂದವರು ನಾವು. ಅವಳ ಮೇಲೆ ನನಗೆ ಹೊಟ್ಟೆಕಿಚ್ಚು, ಅಮ್ಮಾ. ಸಣ್ಣಪುಟ್ಟದ್ದಲ್ಲ, ಅನ್ನ ಸೇರದಷ್ಟು. ನಾನು ಆಸ್ಪತ್ರೆಯ ಹಳೆಯ ಕೇಸ್ ಶೀಟುಗಳಲ್ಲಿ ಮುಖ ಹುದುಗಿಸಿ ಸಂಶೋಧನೆ ಮಾಡಿದೆ. ಅವಳು ಬಸ್ಸು ಹತ್ತಿ ಊರೂರು ಸುತ್ತಿದಳು. ಹರ್ನಿಯಾ ಆಪರೇಷನ್ ಆದವರು ಮತ್ತೆ ಯಾವಾಗ ಗದ್ದೆಗೆ ಇಳಿದರು, ಯಾವಾಗ ಮಗ್ಗಕ್ಕೆ ಕೂತರು ಎಂದು ಅವರ ಮನೆಗೇ ಹೋಗಿ ಕೇಳಿಕೊಂಡು ಬಂದಳು. ಚೆನ್ನೈ ಸಮ್ಮೇಳನಕ್ಕೆ ನಮ್ಮ ವಿಭಾಗದ ಮುಖ್ಯಸ್ಥೆ ಶಿವಗಾಮಿ ಮೇಡಂ ಆರಿಸಿದ್ದು ಅವಳದನ್ನೇ. ಮಗ್ಗದ ಮನೆಯಲ್ಲಿ ಹುಟ್ಟಿದವಳು ನಾನು, ಮಗ್ಗದವರ ಬಗ್ಗೆ ಮಾತಾಡುವವಳು ಅವಳು! ನಮ್ಮ ಬೀದಿಗೆ ಬಂದಾಗ ನೀನು ಅವಳಿಗೆ ಊಟ ಹಾಕಿ, 'ತಟ್ಟ ತಾನೇ ತೊಳ್ದಿಟ್ಲು ಕಣವ್ವ' ಎಂದು ನನಗೆ ಫೋನಿನಲ್ಲಿ ಹೇಳಿದೆಯಲ್ಲ, ಆಗ ನನ್ನ ಕಿವಿ ಸುಟ್ಟುಹೋಯಿತು. ಹಾಸ್ಟೆಲಿನ ಅಂಗಳದಲ್ಲಿ ವಿಭಾಗದವರೆಲ್ಲ ಸೇರಿ ಪೊಂಗಲ್ ಇಟ್ಟಾಗ ಹಾಲುಕ್ಕುವ ಹೊತ್ತಿಗೆ ಮೇಡಂ ಸೌಟು ಕೊಟ್ಟದ್ದೂ ಅವಳ ಕೈಗೆ. ಒಂದು ಸೌಟಿಗೂ ಕರುಬುವ ಮಟ್ಟಕ್ಕೆ ಇಳಿದಿದ್ದೇನೆ ನಿನ್ನ ಮಗಳು.

ಕಳೆದ ಸೋಮವಾರದ್ದು ಕೇಳು. ಉಡುಮಲೈಪೇಟೆ ಕಡೆಯ ಸುಬ್ಬಾತಾಳ್ ಎಂಬವರು ಬಂದಿದ್ದರು. ಕಡಲೆಕಾಯಿ ಬೆಳೆಯುವವರು, ನಿನ್ನದೇ ವಯಸ್ಸು, ನಿನ್ನದೇ ಕಾಯಿಲೆ. ಮೇಡಂ ಆಪರೇಷನ್ನನ್ನು ಜಯಪ್ರಿಯಾಗೆ ಕೊಟ್ಟು ಪಕ್ಕದ ಥಿಯೇಟರಿಗೆ ಹೋದರು. ನನ್ನ ಪಾಲಿಗೆ ಬಂದದ್ದು ಕ್ಯಾಮೆರಾ. ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸುತ್ತಾರೆ, ಒಳಗಿನದನ್ನೆಲ್ಲ ಪರದೆಯ ಮೇಲೆ ನೋಡಿಕೊಂಡು ಕೆಲಸ ಮಾಡಬೇಕು. ಪಿತ್ತಕೋಶದ ಸಣ್ಣ ನಾಳವೊಂದನ್ನು ಕತ್ತರಿಸಬೇಕು. ಅದರ ಪಕ್ಕದಲ್ಲೇ ಲಿವರಿನಿಂದ ಪಿತ್ತವೆಲ್ಲ ಹರಿದು ಬರುವ ದೊಡ್ಡ ನಾಳ. ತಪ್ಪಿ ಅದಕ್ಕೆ ಕತ್ತರಿ ಬಿದ್ದರೆ ಆ ಜೀವ ಕೊನೆಯ ತನಕ ನರಳಬೇಕು. ಸುಬ್ಬಾತಾಳ್ ಹೊಟ್ಟೆಯಲ್ಲಿ ಎಲ್ಲವೂ ಊದಿ ಒಂದಕ್ಕೊಂದು ಅಂಟಿಕೊಂಡಿತ್ತು. ಜಯಪ್ರಿಯಾ ಮೆಲ್ಲನೆ ಕನ್ನಡದಲ್ಲಿ ಕೇಳಿದಳು, "ಇದೇ ತಾನೆ, ನಿತ್ಯಾ?"

"ಅದೇ. ಕತ್ತರ್ಸು," ಎಂದೆ.

ಕೇಡು ಬಯಸಿ ಹೇಳಲಿಲ್ಲ, ಅಮ್ಮಾ. ಅದೇ ಎಂದು ನನಗೆ ಖಾತ್ರಿಯಿತ್ತು. ಅವಳು ಕತ್ತರಿಯನ್ನು ಹಾಗೇ ಹಿಡಿದು ನಿಂತಳು, ಆಮೇಲೆ ಹಿಂದಕ್ಕೆಳೆದುಕೊಂಡಳು. ತನಗೆ ತಿಳಿಯುತ್ತಿಲ್ಲ, ಮೇಡಂನ ಕರೆಯಿರಿ ಎಂದು ಎಲ್ಲರಿಗೂ ಕೇಳುವಂತೆ ತಮಿಳಿನಲ್ಲಿ ಹೇಳಿದಳು. ಇವತ್ತು ಇವಳ ಬಣ್ಣ ಬಯಲಾಗುತ್ತದೆ ಎಂದು ಮಾಸ್ಕಿನೊಳಗೆ ನನಗೆ ಖುಷಿಯಾಯಿತು. ಮೇಡಂ ಬಂದರು, ನೋಡಿದರು, ಹೊಟ್ಟೆ ತೆರೆದೇ ಮಾಡೋಣ ಎಂದರು. ಎಲ್ಲ ಬಿಡಿಸಿ ಬೆರಳಿಟ್ಟು ತೋರಿಸಿದಾಗ ಗೊತ್ತಾಯಿತು. ನಾನು ಕತ್ತರಿಸು ಎಂದದ್ದು ದೊಡ್ಡ ನಾಳವನ್ನು.

ಸುಬ್ಬಾತಾಳ್ ಚೆನ್ನಾಗಿದ್ದಾರೆ, ಇಡ್ಲಿ ಗಟ್ಟಿಯಾಗಿದೆಯೆಂದು ವಾರ್ಡಿನಲ್ಲಿ ಜಗಳವಾಡುತ್ತಾರೆ. ನಿನ್ನೆ ಶನಿವಾರದ ಸಭೆಯಲ್ಲಿ ಮೇಡಂ ಜಯಪ್ರಿಯಾಳನ್ನು ಎಬ್ಬಿಸಿ, ಯಾಕೆ ನಿಲ್ಲಿಸಿದೆ ಎಂದು ಕೇಳಿದರು. ಅವಳು ಒಂದಿಷ್ಟೂ ತಡೆಯದೆ, ನಮ್ಮಿಬ್ಬರಿಗೂ ಸಂದೇಹ ಬಂತು ಮೇಡಂ, ಎಂದುಬಿಟ್ಟಳು. ಎಲ್ಲರೂ ನನ್ನ ಕಡೆಗೂ ನೋಡಿ ತಲೆದೂಗಿದರು. ಅವಳು ನನ್ನ ಕೆನ್ನೆಗೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಹಿಡಿದು ನಿಲ್ಲಿಸಿ, ಯಾರು ಕೇಳಿದರು ನಿನ್ನ ಈ ದಾನ ಎಂದೆ. ಅವಳು ಟೀ ಆರಿಸುತ್ತ, "ನನ್ಗೂ ಅದೇ ಅನ್ನುಸ್ತು ನಿತ್ಯಾ. ಆದ್ರೆ ಭಯ ಆಯ್ತು," ಎಂದಳು.

ನನಗೆ ಭಯವೇ ಆಗಿರಲಿಲ್ಲ. ಈಗ ಅವಳ ಆ ಭಯದ ಮೇಲೂ ನನಗೆ ಹೊಟ್ಟೆಕಿಚ್ಚು.

ಇವತ್ತು ಬೆಳಿಗ್ಗೆ ರೌಂಡ್ಸ್ ಮುಗಿದ ಮೇಲೆ ಮೇಡಂ ಹಿಂದೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಮುಂದಿನ ಶನಿವಾರ ಇದನ್ನೇ ಎಲ್ಲರ ಮುಂದೆ ಹೇಳು, ಜೂನಿಯರುಗಳೂ ಕೇಳಲಿ ಎಂದಷ್ಟೇ ಹೇಳಿ ನಡೆದರು. ಹೇಳುತ್ತೇನೆ.

ಅಜ್ಜಿಯ ಕಾಲಿಗೆ ನನ್ನ ನಮಸ್ಕಾರ ಮುಟ್ಟಿಸು. ಮಾಮ, ಅತ್ತೆಯರನ್ನು ಕೇಳಿದೆನೆಂದು ಹೇಳು. ಎಣ್ಣೆಯದು ತಿನ್ನಬೇಡ.

ನಿನ್ನ ಮಗಳು,
ನಿತ್ಯಾ

ಮರೆತೆ, ಕವರಿನಿಂದ ಮತ್ತೆ ತೆಗೆದು ಬರೆಯುತ್ತಿದ್ದೇನೆ: ಅಜ್ಜಿಯನ್ನು ಅತ್ತೆಗೆ ಒಪ್ಪಿಸಿ ಶಿವರಾತ್ರಿಗೆ ಮುಂಚೆ ಬಂದುಬಿಡು, ಇನ್ನು ಮುಂದೂಡಬೇಡ. ನಿನ್ನ ಆಪರೇಷನ್ ಜಯಪ್ರಿಯಾ ಮಾಡುತ್ತಾಳೆ, ಮೇಡಂ ಪಕ್ಕದಲ್ಲೇ ಇರುತ್ತಾರೆ. ಯಾರೂ ಹೇಳಿದ್ದಲ್ಲ, ನಾನೇ ಅವಳ ರೂಮಿಗೆ ಹೋಗಿ ಕೇಳಿಕೊಂಡೆ. ನಾನು ಒಳಗೆ ಬರುವುದಿಲ್ಲ, ಅಪ್ಪನ ಜೊತೆ ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಎಲ್ಲ ಮುಗಿದ ಮೇಲೆ ಅವಳನ್ನು ಹೊಗಳಬೇಕೆನಿಸಿದರೆ ಅಪ್ಪನ ಹತ್ತಿರ ಹೊಗಳು. ನನ್ನ ಹತ್ತಿರ ಬೇಡ.