ಹುಲಾಗುವಿನ ಮೊಮ್ಮಗಳು

ಅಲ್ ಕುಸೈಸ್, ದುಬೈ
೧೧ ನವೆಂಬರ್ ೨೦೨೫, ಮಂಗಳವಾರ

ಮುದ್ದಿನ ಮಗ ರಾಝಿಕ್‌ಗೆ ಉಮ್ಮನ ಸಲಾಂ.

ಹೇಗಿದ್ದಿ ಮಗಾ? ಅಬುಧಾಬಿಯ ಆ ಖಾಲಿದಿಯಾದ ರೂಮಿನಲ್ಲಿ ಎಸಿ ನೇರ ತಲೆಗೇ ಹೊಡೆಯುತ್ತದೆ ಅಂದಿದ್ದಿ, ಕೆಮ್ಮು ಇಳಿಯಿತಾ? ಬರೀ ಖುಬ್ಬೂಸ್ ರೊಟ್ಟಿ ತಿಂದು ದಿನ ತಳ್ಳಬೇಡ. ಬರುವ ಶುಕ್ರವಾರ ನಿಕಾಹ್, ಮನೆಯವರು ಯಾರೂ ಬರಬೇಕಿಲ್ಲ ಅಂತ ತಂಗಿಗೆ ಒಂದು ಮೆಸೇಜ್ ಹಾಕಿ ಫೋನ್ ಆಫ್ ಮಾಡಿದ್ದಿ. ಇನ್ನೇನು ಮಾಡಲಿ, ಕೆಳಗಿನ ಫ್ಲ್ಯಾಟಿನ ಫಿಡೆಲಿಸ್ ನಾಳೆ ಅಬುಧಾಬಿಗೆ ಹೋಗುತ್ತಾನಂತೆ, ಅವನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಹರಿದು ಹಾಕಬೇಡ, ಪೂರ್ತಿ ಓದು.

ನೀನು ಮೆಚ್ಚಿದ ಐಗುಲ್ ಬಗ್ಗೆ ನಿನ್ನ ಉಪ್ಪನಿಗೆ ನಾನು ಮೊದಲೇ ಹೇಳಿದ್ದೆ: ಪಾಸ್‌ಪೋರ್ಟ್ ಮಂಗೋಲಿಯಾದ್ದು, ಮನೆತನ ಕಜಕ್, ನಮ್ಮ ಹಾಗೇ ನಮಾಝ್ ಮಾಡುವವರು. ಅವರ ಕಿವಿಗೆ ಬಿದ್ದದ್ದು ಮಂಗೋಲಿಯಾ ಒಂದೇ! ಮದ್ರಸದಲ್ಲಿ ಉಸ್ತಾದರು ಹೇಳಿದ ಬಗ್ದಾದಿನ ಕಥೆ, ಮಂಗೋಲ ದೊರೆ ಹುಲಾಗು ಊರು ಸುಟ್ಟದ್ದು, ಖಲೀಫರನ್ನು ಕೊಂದದ್ದು, ಕಿತಾಬುಗಳನ್ನು ನದಿಗೆ ಎಸೆದದ್ದು, ಎಲ್ಲ ಅವರ ತಲೆಯಲ್ಲಿ ನಿನ್ನೆ ನಡೆದ ಹಾಗೆ ಇದೆ. ಆದರೂ ನಮ್ಮಲ್ಲಿ ಹಗೆಯವನೇ ಬರಲಿ, ಊಟಕ್ಕೆ ಹಾಸಿದ ಸುಪ್ರದ ಮುಂದೆ ಕೂತವನು ಎದ್ದು ಕೈ ತೊಳೆಯುವವರೆಗೆ ಕೆಟ್ಟ ಮಾತು ಆಡುವುದುಂಟಾ? ನೀನು ಊಟಕ್ಕೆ ಕರೆತಂದ ಆ ಹುಡುಗಿ ತುಪ್ಪದ ನೈಚೋರಿಗೆ ಕೈ ಹಾಕುವ ಮೊದಲೇ "ಹುಲಾಗುವಿನ ಮೊಮ್ಮಗಳು ಇಲ್ಲಿ ಏನು ಸುಡಲಿಕ್ಕೆ ಬಂದಿದ್ದಾಳೆ?" ಅಂತ ಹಿಂದಿಯಲ್ಲಿ ಕೇಳಿಬಿಟ್ಟರಲ್ಲ, ಯಾ ಅಲ್ಲಾಹ್, ನೆಲ ಬಿರಿದು ನನ್ನನ್ನು ನುಂಗಬಾರದೇ ಅನಿಸಿತು. ನಾವು ಕಜಕರು, ಮಂಗೋಲರೇ ಅಲ್ಲ ಎಂದು ಅವಳು ಜಾರಿಕೊಳ್ಳಬಹುದಿತ್ತು. "ಸುಟ್ಟದ್ದು ನಿಜ ಅಂಕಲ್, ನಾನು ಸುಡಲಿಲ್ಲ" ಅಂದಳು, ಎದ್ದಳು, ಅಷ್ಟೆ. ನೀನೋ, "ನೀವೇ ಬರ್ಬರರು" ಅಂತ ಉಪ್ಪನ ಮುಖಕ್ಕೇ ಕೂಗಿ ಬಾಗಿಲು ಬಡಿದೆ. ಅಪ್ಪನಿಗೆ ತಕ್ಕ ಮಗ!

ನಿನ್ನ ತಂಗಿ ನಾಫಿಯಾಳ ಹನ್ನೊಂದನೇ ಕ್ಲಾಸಿನ ಪಾಠದಲ್ಲಿ ಇದೇ ವಿಷಯ ಉಂಟಂತೆ. ನಿನ್ನೆ ಉಪ್ಪನ ಎದುರೇ ಶುರು ಮಾಡಿದಳು: ಹುಲಾಗುವಿನ ಅಜ್ಜ ಚೆಂಗಿಸ್ ಖಾನ್ ವ್ಯಾಪಾರಿಗಳನ್ನು ಕಳಿಸಿದ, ಖ್ವಾರಿಝ್ಮ್ ಅನ್ನುವ ಮುಸ್ಲಿಂ ರಾಜ್ಯದವರು ಕೊಂದರು, ದೂತರನ್ನು ಕಳಿಸಿದ, ಅವರ ಮೇಲೂ ಕೈ ಮಾಡಿದರು, ಊರೂರು ಸುಟ್ಟದ್ದು ಆಮೇಲೆ. ಮಂಗೋಲರ ದಾರಿಯಲ್ಲಿ ವ್ಯಾಪಾರಿಗಳಿಗೆ ಹೆದರಿಕೆ ಇರಲಿಲ್ಲ, ಯಾವ ಧರ್ಮದ ಗುರುಗಳಿಂದಲೂ ಕಂದಾಯ ಕೇಳುತ್ತಿರಲಿಲ್ಲ ಅಂತಲೂ ಹೇಳಿದಳು. ಅಲ್ ಕೂಜಿನಲ್ಲಿ ಇಷ್ಟು ವರ್ಷ ಟಯರ್ ಅಂಗಡಿ ನಡೆಸಿದವರಲ್ಲವಾ, ವ್ಯಾಪಾರಿಗಳನ್ನು ಕೊಂದರು ಅಂದಾಗ ಮಾತ್ರ ಉಪ್ಪ ತಲೆ ಎತ್ತಿದರು. "ಹಾಗಂತ ಬಗ್ದಾದಿನ ಮಕ್ಕಳು ಏನು ತಪ್ಪು ಮಾಡಿದ್ದರು?" ಅಂದರು. ಅದೂ ಸುಳ್ಳಲ್ಲ ರಾಝಿಕ್. ಸತ್ತ ಮಕ್ಕಳ ತಾಯಂದಿರಿಗೆ ಯಾವ ಸಮಜಾಯಿಷಿ ಸಾಕಾದೀತು? ಆದರೆ ದೂತರ ಮಾತು ಕೇಳಿದಾಗ ನನಗೆ ನೆನಪಾದದ್ದು ಐಗುಲ್. ಮನೆಗೆ ಬಂದವಳನ್ನು ನಾವು ಏನು ಮಾಡಿ ಕಳಿಸಿದೆವು? ನಾನು ಬಾಯಿ ಬಿಟ್ಟು ಹಾಗೇ ಕೇಳಿದೆ. ಅದಕ್ಕೆ ಅವರು, ಈ ಮನೆಯಿಂದ ಆ ನಿಕಾಹಿಗೆ ಹೋದವರು ವಾಪಸ್ ಬರುವುದು ಬೇಡ, ಖಲಾಸ್, ಅಂತ ಹೇಳಿ ಕೋಣೆ ಸೇರಿದರು.

ನಿಮ್ಮಿಬ್ಬರ ಬಾಳಿನಲ್ಲಿ ಅಲ್ಲಾಹು ಬರಕತ್ ತುಂಬಲಿ. ಐಗುಲ್‌ಗೆ ನನ್ನ ಸಲಾಂ ಮುಟ್ಟಿಸು.

ನಿನ್ನ ಉಮ್ಮ,
ಮೆಹರುನ್ನಿಸ

ಮತ್ತೊಂದು ಮಾತು. ಕಾಗದ ತಗೊಂಡು ಹೋಗಲಿಕ್ಕೆ ಫಿಡೆಲಿಸ್ ಬಾಗಿಲಲ್ಲೇ ನಿಂತಿದ್ದಾನೆ. ಶುಕ್ರವಾರ ಬೆಳಗ್ಗಿನ ಬಸ್ಸಿಗೆ ನಾನು ಬರುತ್ತೇನೆ. ಕದ್ದು ಬರುವುದಿಲ್ಲ, ಉಪ್ಪನಿಗೆ ಹೇಳಿಯೇ ಹೊರಡುವುದು. ಈ ದೇಶದಲ್ಲಿ ಒಬ್ಬಳೇ ಬಸ್ಸು ಹತ್ತಿದವಳಲ್ಲ ನಾನು, ಸ್ಟ್ಯಾಂಡಿಗೆ ಬಾ. ಉಪ್ಪ ಹೇಳಿದ ಹಾಗೇ ನನ್ನನ್ನು ವಾಪಸ್ ಮನೆಗೆ ಸೇರಿಸದಿದ್ದರೆ ನಾನು ನಿಮ್ಮಲ್ಲೇ ಇರಬೇಕಾದೀತು. ಐಗುಲ್‌ಗೆ ಒಪ್ಪಿಗೆಯಾ ಅಂತ ಮೊದಲು ಕೇಳು.