ಕಡಬದ ಏರಿಯ ಮೇಲೆ ಗಾಡಿ ಓಡಿಸಿದೆ

ಅಬ್ಬಾ,

ನೀವು ತೀರಿಕೊಂಡ ಮೇಲೆ ಇವತ್ತೇ ಮೊದಲು ನಿಟ್ಟೂರಿನಿಂದ ಕಡಬಕ್ಕೆ ಒಬ್ಬಳೇ ನಡೆದು ಹೋದೆ. ಅಲ್ಲಿ ಆದದ್ದನ್ನು ನಿಮಗೆ ಹೇಳದೆ ಇರಲಾರೆ!

ಕೆರೆ ಏರಿಯ ಮೇಲೆ ಅರವತ್ತು ದಾಟಿದ ಹೆಂಗಸೊಬ್ಬರು ಹುಲ್ಲಿನ ಹೊರೆ ಕಟ್ಟಿದ ಮೊಪೆಡ್ ನಿಲ್ಲಿಸಿ, “ಯಾರ ಮಗಳವ್ವಾ?” ಎಂದರು.

“ನಿಟ್ಟೂರಿನ ಮೆಕ್ಯಾನಿಕ್ ಸರ್ದಾರ್ ಪಾಷಾ ಮಗಳು, ಶಾಹೀನ್.”

“ಅಯ್ಯೋ, ನನ್ ಗುರು ಮಗಳಾ!” ಎಂದು ಕೂಗಿಯೇಬಿಟ್ಟರು. “ನಾನು ಪುಟ್ಟಗಂಗಮ್ಮ ಕಣವ್ವಾ. ಊರೆಲ್ಲಾ ನಗ್ತಿದ್ರೂ ನಿಮ್ಮಪ್ಪ ಇದೇ ಏರಿ ಮ್ಯಾಲೆ ಹಿಂದಿಂದೆ ಓಡ್ಕಂಡು ಗಾಡಿ ಕಲಿಸ್ದ. ನಿಂಗೂ ಕಲಿಸವ್ನೆ ತಾನೆ?”

ಹತ್ತನೇ ಕ್ಲಾಸಿನ ರಜೆಯಲ್ಲಿ ನೀವು ಗಾಡಿ ಒರೆಸಿಕೊಂಡು ಬಾಗಿಲಲ್ಲಿ ಕಾದದ್ದನ್ನು, ಗೆಳತಿಯರ ಎದುರು ನಾನು ಹೊರಗೆ ಬಾರದೇ ಇದ್ದದ್ದನ್ನು ಅವರಿಗೆ ಹೇಳಲಿಲ್ಲ. ಗಾಡಿ ಓಡಿಸಲು ಬರುವುದಿಲ್ಲ ಎಂದೆ, ಅಷ್ಟೇ.

ಅವರು ಹುಲ್ಲು ಇಳಿಸಿ, “ಹತ್ತು” ಎಂದರು.

ಅಬ್ಬಾ, ನಾನು ಓಡಿಸಿದೆ! ಎರಡು ಸಲ ಪೊದೆಗೆ ನುಗ್ಗಿದೆ. ಮೂರನೆಯ ಸಲ ಗಾಡಿ ನೇರ ಓಡಿತು. “ಹಿಂಗೇ ಹೋಗು ಕಣೇ, ನಿಲ್ಲಿಸ್ಬ್ಯಾಡ!” ಎಂದು ಅವರು ಕೂಗುತ್ತಿದ್ದರು.

ತೂಬಿನ ಹತ್ತಿರ ನಿಲ್ಲಿಸಿದೆ. ಎಷ್ಟು ದೂರ ಓಡಿಸಿದೆನೆಂದು ನಿಮಗೆ ಸರಿಯಾಗಿ ಹೇಳಬೇಕಲ್ಲ, ಹೆಜ್ಜೆ ಎಣಿಸುತ್ತಾ ಅವರವರೆಗೂ ವಾಪಸು ನಡೆದೆ.

ನಾನೂರ ಹನ್ನೆರಡು ಹೆಜ್ಜೆ, ಅಬ್ಬಾ.