ಸೂಜಿ ಪೋಣಿಸಿದರೆ ಕಣ್ಣು ನೆಟ್ಟಗೆಂಬ ಪರೀಕ್ಷೆ

ಹಾನಗಲ್, ೧೯೩೯

ಆರೋಗ್ಯ ಖಾತೆಯ ಹಿರಿಯ ಅಧಿಕಾರಿಗಳೇ,

ನನ್ನ ಹೆಂಡತಿ ವೀರವ್ವನಿಗೆ ಈಗ ಎರಡೂ ಕಣ್ಣು ಕಾಣುವುದಿಲ್ಲ. ಕಾಣುತ್ತಿದ್ದಾಗ ಸಂತೆಯ ಚಾಳೀಸಿನವ ಆಕೆಗೆ ಮೂರು ಸಲ ಕನ್ನಡಕ ಮಾರಿದ. ಮಾರಲು ಅವನಿಗೆ ಯಾರ ಪರವಾನಗಿಯೂ ಬೇಕಿರಲಿಲ್ಲ. ಇಷ್ಟೇ ನನ್ನ ತಕರಾರು. ಸಿಟ್ಟಿನಿಂದ ಬರೆಯುತ್ತಿಲ್ಲ; ಸಿಟ್ಟಿಗೂ ಒಂದಿಷ್ಟು ಕಸುವು ಬೇಕು, ಅದು ನನ್ನಲ್ಲಿ ಉಳಿದಿಲ್ಲ.

ನಾನು ಕಾಳುಕಡಿ ಮಾರುವವ. ನನ್ನ ತಕ್ಕಡಿ, ತೂಕದ ಕಲ್ಲುಗಳನ್ನು ಸರಕಾರ ತಪಾಸಣೆ ಮಾಡಿ ಮುದ್ರೆ ಒತ್ತುತ್ತದೆ. ಒಳ್ಳೆಯದೇ. ಶೇಂದಿ ಅಂಗಡಿಗೂ ಪರವಾನಗಿ ಬೇಕು, ಬಂದೂಕಿಗೂ ಬೇಕು. ಹೆಸರುಕಾಳಿನ ಬಗ್ಗೆ ಇಷ್ಟು ಕಾಳಜಿಯುಳ್ಳ ಸರಕಾರಕ್ಕೆ ಮನುಷ್ಯರ ಕಣ್ಣು ಯಾವ ಖಾತೆಗೆ ಸೇರುತ್ತದೆಂದು ಇನ್ನೂ ಹೊಳೆದಿಲ್ಲವೇ?

ನಮ್ಮ ಕಡೆ ಅಕ್ಷರ ಬಾರದ ಹೆಂಗಸರು ಚಾಳೀಸು ಹಾಕಿಕೊಂಡು ಸೂಜಿಗೆ ದಾರ ಪೋಣಿಸುತ್ತಾರೆ. ದಾರ ಹೋದರೆ ಚಾಳೀಸು ಸರಿ. ವೀರವ್ವ ಕೌದಿ ಹೊಲಿಯುವಾಕೆ, ಮೂರೂ ಸಲ ಒಂದೇ ಏಟಿಗೆ ಪೋಣಿಸಿದಳು. "ಭೇಷ್ ರೀ ಅವ್ವಾರ! ಹರೇದ ಹುಡುಗೀ ಕಣ್ಣು ನಿಮ್ಮವು" ಎಂದ ಚಾಳೀಸಿನವ. ಮನೆಗೆ ಬಂದವಳು ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಂಡಳು. ಮಗ್ಗುಲಲ್ಲೇ ಕುಳಿತಿದ್ದ ನನ್ನನ್ನು ಕಾಣದೆ ಕೂಗಿ ಕರೆದಳು. "ಹೊಸಾ ಚಾಳೀಸು ನೋಡ್ರಿ, ರೂಢಿ ಆಗೂತನಾ ಹಿಂಗ" ಎಂದಳು. ನಾನು ನಕ್ಕೆ. ಮುಂದೆ "ಹಣಿ ಸಿಡೀತೈತಿ, ದೀಪದ ಸುತ್ತ ಬಣ್ಣ ಕಾಣತೈತಿ" ಎಂದಾಗ ಚಾಳೀಸಿನವ ಇನ್ನೂ ದಪ್ಪ ಗಾಜು ಕೊಟ್ಟ.

ಹುಬ್ಬಳ್ಳಿಯ ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದು ಹೇಳಿದರು: ಕಣ್ಣಿನೊಳಗೆ ಒತ್ತಡ ಏರಿ ನೋಟ ಅಂಚಿನಿಂದ ಸಾಯುತ್ತ ಬಂದಿದೆ, ನಡುವಿನದು ಕೊನೆಗೆ ಹೋಗಿದೆ. ಸೂಜಿ ಪೋಣಿಸಲು ನಡುವಿನದಷ್ಟೇ ಸಾಕು. ವರ್ಷದ ಹಿಂದೆ ಬಂದಿದ್ದರೆ ಏನಾದರೂ ಮಾಡಬಹುದಿತ್ತಂತೆ. ವರ್ಷದ ಹಿಂದೆ ನಾವು ಸಂತೆಗೆ ಹೋಗಿದ್ದೆವು.

ಚಾಳೀಸಿನವನನ್ನು ಜೇಲಿಗೆ ಹಾಕಿರೆಂದು ನಾನು ಕೇಳುವುದಿಲ್ಲ. ಸುದ್ದಿ ತಿಳಿದು ಬಂದು ಕಟ್ಟೆಯ ಮೇಲೆ ಕುಳಿತು "ನನಗ ಖರೇನ ಗೊತ್ತಿರಲಿಲ್ಲರಿ ಯಜಮಾನ್ರ" ಎಂದು ಅತ್ತ. ನಿಜವೇ ಇರಬೇಕು. ಅವನಿಗೆ ತಿಳಿಸಿಕೊಡುವ ಕೆಲಸ ಯಾರದಾಗಿತ್ತು, ಸ್ವಾಮಿ?

ಚಾಳೀಸು ಮಾರುವವರಿಗೆ ಕಲಿಸಿರಿ, ಪರೀಕ್ಷಿಸಿರಿ, ಪಾಸಾದವರಿಗಷ್ಟೇ ಸನದು ಕೊಡಿರಿ. ಕಣ್ಣು ನೋಯುತ್ತದೆ ಎಂದವರಿಗೆ ಗಾಜು ಮಾರದೆ ದವಾಖಾನೆಗೆ ಚೀಟಿ ಬರೆದು ಕಳಿಸುವುದು ಕಡ್ಡಾಯವಾಗಲಿ. ಬರುವ ವಾರವೂ ಸಂತೆಯಿದೆ.

ವೀರವ್ವ ಇವತ್ತೂ ಕೇಳಿದಳು: "ಇನ್ನೊಂದು ಚಾಳೀಸು ನೋಡೂಣೇನ್ರಿ?" ಡಾಕ್ಟರ ಮಾತನ್ನು ಆಕೆಗೆ ನಾನಿನ್ನೂ ಹೇಳಿಲ್ಲ. ಈ ಪತ್ರದ ಒಂದು ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ; ಅಚ್ಚಾದರೆ ಓಣಿಯವರು ಯಾರಾದರೂ ಓದಿ ಆಕೆಗೆ ಹೇಳಿಯಾರು. ಅಷ್ಟರೊಳಗೆ ನಾನೇ ಹೇಳಬೇಕು.

ಇಂತಿ,
ಹೆಂಡತಿಗೆ ಹೇಳಲಾರದ್ದನ್ನು ಸರಕಾರಕ್ಕೆ ಬರೆದ
ಕುಬೇರಪ್ಪ